ನಿವೃತ್ತಿಯ ನಂತರದ ಮೊದಲ ಕಾದಂಬರಿ: 60,000 ರೂಪಾಯಿ ಕೊಟ್ಟು ಅಚ್ಚು ಹಾಕಿಸಬೇಕೇ?

ಬ್ಯಾಡಗಿ ಮಾಸ್ತರ:
34 ವರ್ಷ ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಸಿ, ನಿವೃತ್ತನಾಗಿ 3 ವರ್ಷವಾಯಿತು. ಈ ನಡುವೆ ಒಂದು ಕಾದಂಬರಿ ಬರೆದಿದ್ದೇನೆ. ನಮ್ಮೂರ ಮೆಣಸಿನಕಾಯಿ ಪೇಟೆಯಲ್ಲಿ ತೊಟ್ಟು ಬಿಡಿಸುವ ಹೆಂಗಸರ ಕಥೆ. ಜನವರಿಯಲ್ಲಿ ಪೇಟೆಗೆ ಆವಕ ಏರಿದಂತೆ ನನ್ನ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಏರುತ್ತಿತ್ತು. ಬಂದ ಮಕ್ಕಳ ಅಂಗಿಯ ಘಾಟಿಗೆ ಇಡೀ ತರಗತಿ ಸೀನುತ್ತಿತ್ತು. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಎನ್ನುವವರು ಆ ಮಕ್ಕಳ ಕೈಬೆರಳನ್ನು ನೋಡಿಲ್ಲ.

ಮಗಳು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಕೊಟ್ಟಳು, 312 ಪುಟವಾಯಿತು. ಮೂವರು ಪ್ರಕಾಶಕರಿಂದ 8 ತಿಂಗಳಾದರೂ ಉತ್ತರವಿಲ್ಲ. ನಾಲ್ಕನೆಯವರು 60,000 ಕೊಟ್ಟರೆ 500 ಪ್ರತಿ ಹಾಕುತ್ತೇವೆ, 100 ನಿಮಗೆ ಎನ್ನುತ್ತಾರೆ. ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನ ಯುವಕರಿಗಂತೆ. 63ರ ಚೊಚ್ಚಲು ಲೆಕ್ಕಕ್ಕಿಲ್ಲ. ಏನು ಮಾಡಲಿ?

ಗದಗ ಡಿಟಿಪಿ:
ಗುರುಗಳೇ, ಹಣ ಕೊಡುವವರು ನೀವಾದರೆ ಉಳಿದ 400 ಪ್ರತಿ ಯಾರದು ಎಂದು ಮೊದಲು ಕೇಳಿ. ಕಾಗದದ ತೂಕ ಎಷ್ಟು ಜಿಎಸ್‌ಎಂ, ಕರಡು ತಿದ್ದುವವರು ಯಾರು, ಹಕ್ಕು ಯಾರ ಬಳಿ ಇರುತ್ತದೆ, ಎಲ್ಲವನ್ನೂ ಬರೆಸಿಕೊಳ್ಳಿ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಪ್ರತ್ಯೇಕ ದುಡ್ಡು ಕೇಳಿದರೆ ಕೊಡಬೇಡಿ. ನಮ್ಮ ದೇಶದಲ್ಲಿ ಅದು ಉಚಿತ, ಸ್ವಂತ ಪ್ರಕಾಶನಕ್ಕೆ ನೀವೇ ಅರ್ಜಿ ಹಾಕಬಹುದು.

ಇನ್ನೊಂದು. 1/8 ಡೆಮಿ ಅಳತೆಯ ಪುಸ್ತಕದಲ್ಲಿ 16 ಪುಟಕ್ಕೆ ಒಂದು ಫಾರಂ, ಅಂದರೆ ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗುವ ಪುಟಗಳ ಕಟ್ಟು. 312 ಎಂದರೆ ಹತ್ತೊಂಬತ್ತೂವರೆ ಫಾರಂ. ಆ ಅರ್ಧ ಫಾರಂ ಸುಮ್ಮನೆ ಖರ್ಚು. 8 ಪುಟ ಇಳಿಸಿ. ನುಡಿಯಿಂದ ಯೂನಿಕೋಡ್‌ಗೆ ಬದಲಾಯಿಸಿದರೆ ಒತ್ತಕ್ಷರಗಳನ್ನು ಇನ್ನೊಮ್ಮೆ ನೋಡಿ, ಕೆಲವು ಕೆಟ್ಟಿರುತ್ತವೆ.

ಶಿರಸಿ ಅಕ್ಕೋರು:
ಮಾಸ್ತರರೇ, ನಾನೂ ನಿಮ್ಮ ಜಾತಿಯವಳೇ, ಸೀಮೆಸುಣ್ಣದ ಜಾತಿ. ನನ್ನ ಮೊದಲ ಕಾದಂಬರಿ ಬಂದಾಗ ನನಗೆ 66. ಅದಕ್ಕೆ ಮೊದಲು ಎರಡು ಕಡೆಯಿಂದ ಹಿಂದೆ ಬಂದಿತ್ತು. ಕಾರಣವನ್ನು ಯಾರೂ ಹೇಳಲಿಲ್ಲ. ಹೇಳಿದವಳು ನನ್ನ ಹಳೆಯ ವಿದ್ಯಾರ್ಥಿನಿ, ಈಗ ಬ್ಯಾಂಕಿನಲ್ಲಿದ್ದಾಳೆ. “ಅಕ್ಕೋರೇ, ಪ್ರತಿ ಅಧ್ಯಾಯದ ಕೊನೆಗೆ ನೀವು ಕಪ್ಪುಹಲಗೆಯ ಹತ್ತಿರ ಹೋಗಿ ನಿಲ್ಲುತ್ತೀರಿ” ಎಂದಳು. ಎರಡು ದಿನ ಅವಳೊಡನೆ ಮಾತು ಬಿಟ್ಟೆ. ಮೂರನೆಯ ದಿನ ಕೆಂಪು ಪೆನ್ನು ಹಿಡಿದು ಕುಳಿತೆ. ಕಥೆ ಮುಗಿದ ಮೇಲೂ ‘ಇದರಿಂದ ತಿಳಿಯುವುದೇನೆಂದರೆ’ ಎಂದು ನಾನು ಪಾಠ ಮಾಡುತ್ತಲೇ ಇದ್ದೆ. 22 ಅಧ್ಯಾಯಗಳಲ್ಲಿ 19ರ ಬಾಲ ಕತ್ತರಿಸಿದೆ. ನಿಮ್ಮ 8 ಪುಟ ಎಲ್ಲಿವೆ ಎಂದು ಓದದೆಯೇ ಹೇಳಬಲ್ಲೆ.

ಹಣದ ವಿಷಯ: ನಿವೃತ್ತಿಯ ಗಂಟಿಗೆ ಕೈ ಹಾಕಬೇಡಿ. ಒಂದು ಅಧ್ಯಾಯವನ್ನು ಕಥೆಯಂತೆ ಒಪ್ಪಮಾಡಿ ಪತ್ರಿಕೆಗೆ ಕಳುಹಿಸಿ. ನನ್ನದು ಹಾಗೆ ಅಚ್ಚಾದ ಮೇಲೆಯೇ ಪ್ರಕಾಶಕರು ಫೋನ್ ಎತ್ತಿದ್ದು. ನೂರಕ್ಕೆ ಹತ್ತು ಗೌರವಧನ, 25 ಪ್ರತಿ, ಅಷ್ಟೇ. ಸ್ವಂತ ಅಚ್ಚು ಹಾಕಿಸಿದರೂ ನಾಚಿಕೆಯೇನಿಲ್ಲ. ನಿಮ್ಮ ಹಾವೇರಿ ಸೀಮೆಯ ಕಾದಂಬರಿಕಾರ ಗಳಗನಾಥರೂ ಮಾಸ್ತರಿಕೆ ಮಾಡಿದವರೇ, ತಮ್ಮ ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ನಮ್ಮ ಮೊಣಕಾಲು ಅದಕ್ಕೆ ಒಪ್ಪಬೇಕಲ್ಲ!

ಬ್ಯಾಡಗಿ ಮಾಸ್ತರ:
ಅಕ್ಕೋರೇ, ರಾತ್ರಿ ಕುಳಿತು ನೋಡಿದೆ. ಹನ್ನೊಂದು ಅಧ್ಯಾಯಗಳ ಕೊನೆಯಲ್ಲಿ ನಾನೇ ನಿಂತಿದ್ದೆ, ಕೈಯಲ್ಲಿ ಬೆತ್ತ ಒಂದು ಇರಲಿಲ್ಲ. ತೆಗೆದೆ. ಈಗ 303 ಪುಟ. ಗದಗದ ತಮ್ಮಾ, 304ಕ್ಕೆ ಒಂದು ಪುಟ ಖಾಲಿ ಬಿಡುತ್ತೇನೆ. 60,000ದವರಿಗೆ ಬೇಡವೆಂದು ಹೇಳಿಯಾಯಿತು. ಒಂಬತ್ತನೆಯ ಅಧ್ಯಾಯದ ಕೊನೆಯನ್ನು ಮಾತ್ರ ಮುಟ್ಟಿಲ್ಲ. ಹುಡುಗಿ ಉರಿಯುವ ಬೆರಳನ್ನು ಮಜ್ಜಿಗೆಯಲ್ಲಿ ಅದ್ದಿಕೊಂಡು ಇನ್ನೊಂದು ಕೈಯಲ್ಲಿ ಕಾಗುಣಿತ ಬರೆಯುತ್ತಾಳೆ. ಅದನ್ನೇ ಪತ್ರಿಕೆಗೆ ಕಳುಹಿಸುತ್ತೇನೆ.