ಏಳು ಕಾದಂಬರಿ ತಂದಿದ್ದೀರಿ, ಮೊದಲು ಯಾವುದು?

ನವೆಂಬರ್ ರಿಯಾಯಿತಿಯಲ್ಲಿ ಒಟ್ಟಿಗೆ ಏಳು ಕಾದಂಬರಿ ತಂದಿದ್ದೇನೆ ಅಂದಿರಿ. ಮಲೆಗಳಲ್ಲಿ ಮದುಮಗಳು, ದುರ್ಗಾಸ್ತಮಾನ, ಮರಳಿ ಮಣ್ಣಿಗೆ, ಗ್ರಾಮಾಯಣ, ಕುಸುಮಬಾಲೆ, ಕರ್ವಾಲೋ, ಘಾಚರ್ ಘೋಚರ್. ಊರು ತುಮಕೂರು ಕಡೆ, ಕೆಲಸ ಬೆಂಗಳೂರಿನಲ್ಲಿ, ಓದಲು ಸಿಗುವುದು ಮೆಟ್ರೋದಲ್ಲಿ ಮುಕ್ಕಾಲು ಗಂಟೆ ಮತ್ತು ಭಾನುವಾರ. ಸಣ್ಣವನ್ನು ಮೊದಲು ಮುಗಿಸಿ ಆಮೇಲೆ ದಪ್ಪದಕ್ಕೆ ಹೋಗಲಾ ಅನ್ನುವುದು ನಿಮ್ಮ ಪ್ರಶ್ನೆ.

ದಯವಿಟ್ಟು ಹಾಗೆ ಮಾಡಬೇಡಿ. ನಾನು ಅದನ್ನೇ ಮಾಡಿ ಕೆಟ್ಟೆ.

ನಾನು ಧಾರವಾಡದವನು. ಮೊದಲ ಸಂಬಳದಲ್ಲಿ ನಿಮ್ಮ ಹಾಗೇ ಒಂದು ಚೀಲ ತುಂಬ ಪುಸ್ತಕ ತಂದಿದ್ದೆ. ಅದರಲ್ಲಿ ಎಲ್ಲಕ್ಕಿಂತ ತೆಳ್ಳಗಿದ್ದದ್ದು ಕುಸುಮಬಾಲೆ. ಎರಡು ದಿನದಲ್ಲಿ ಮುಗಿಯುತ್ತದೆ ಅಂದುಕೊಂಡು ಅದನ್ನೇ ಎತ್ತಿಕೊಂಡೆ. ಒಂದು ವಾರ ಆದರೂ ಹತ್ತು ಪುಟ ದಾಟಲಿಲ್ಲ. ಅದು ನಂಜನಗೂಡು, ಚಾಮರಾಜನಗರ ಕಡೆಯ ಆಡುಮಾತು, ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಅಕ್ಷರ ಕನ್ನಡ, ಒಂದೊಂದು ಪದವೂ ಕನ್ನಡ, ಆದರೂ ಸಾಲು ಕೈಗೆ ಸಿಗುತ್ತಿರಲಿಲ್ಲ. ಆಗ ರೂಮಿನಲ್ಲಿ ಜೊತೆಗಿದ್ದ ಗೆಳೆಯ ಆ ಸೀಮೆಯವನು. ಒಂದು ರಾತ್ರಿ ಊಟ ಆದ ಮೇಲೆ ಪುಸ್ತಕ ಕೈಗೆ ಕೊಟ್ಟು, ಸುಮ್ನೆ ಗಟ್ಟಿಯಾಗಿ ಓದಪ್ಪಾ ಅಂದೆ. ಅವನು ಓದುತ್ತಾ ಹೋದ, ನನಗೆ ಎಲ್ಲ ತೆರೆದುಕೊಳ್ಳುತ್ತಾ ಹೋಯಿತು. ಜೋತಮ್ಮಗಳು, ಅಂದರೆ ಮನೆಮನೆಯ ದೀಪದ ಜ್ಯೋತಿಗಳು, ರಾತ್ರಿ ಸೇರಿ ಮಾತಾಡುವ ಭಾಗ ಬಂದಾಗ ಅವನ ದನಿಯೇ ಬೇರೆ ಆಯಿತು, ಅವನ ಅಜ್ಜಿ ಮಾತಾಡುವ ರೀತಿಯೇ ಹಾಗಂತೆ. ದೇವನೂರ ಮಹಾದೇವ ಅವರಿಗೆ 1990ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು ಅಂತ ಮೊದಲೇ ಗೊತ್ತಿತ್ತು. ಯಾಕೆ ಬಂತು ಅಂತ ಆ ರಾತ್ರಿ ಗೊತ್ತಾಯಿತು.

ಆಮೇಲೆ ನಾನು ಅವನಿಗೆ ಗ್ರಾಮಾಯಣ ಕೊಟ್ಟೆ. ರಾವಬಹದ್ದೂರರು ಬರೆದ ಆ ಕಾದಂಬರಿಯ ಊರು ಪಾದಳ್ಳಿಯ ಜನ ಮಾತಾಡುವುದು ನನ್ನ ಮನೆಯ ಜಗಲಿಯಲ್ಲಿ ಕೇಳುವ ಮಾತಿನ ಹಾಗೇ ಇದೆ, ನಾನು ನಾಲ್ಕೇ ದಿನದಲ್ಲಿ ಮುಗಿಸಿದ್ದೆ. ಅವನು ಐವತ್ತನೇ ಪುಟಕ್ಕೆ ನಿಂತುಬಿಟ್ಟ. ಈಗ ಓದಿ ಹೇಳುವ ಸರದಿ ನನ್ನದಾಯಿತು.

ಹಾಗಾಗಿ ನನ್ನ ಸಲಹೆ ಇಷ್ಟೇ. ಪುಟ ಎಣಿಸಬೇಡಿ, ಮಾತು ಕೇಳಿ. ಏಳೂ ಪುಸ್ತಕದ ಮೊದಲ ಎರಡು ಪುಟ ಒಂದು ಭಾನುವಾರ ಕೂತು ಗಟ್ಟಿಯಾಗಿ ಓದಿ ನೋಡಿ. ಯಾವುದು ತಡವರಿಸದೆ ಬಾಯಿಗೆ ಬರುತ್ತದೋ ಅದು ಮೆಟ್ರೋಗೆ. ಯಾವುದಕ್ಕೆ ನಾಲಿಗೆ ತೊಡರುತ್ತದೋ ಅದು ಮನೆಗೆ, ಬಿಡುವಿನ ಹೊತ್ತಿಗೆ.

ನಿಮ್ಮ ಪಟ್ಟಿಯಲ್ಲಿ ಕರ್ವಾಲೋ ಮತ್ತು ಘಾಚರ್ ಘೋಚರ್ ಎರಡೂ ಸಲೀಸು, ಮೆಟ್ರೋಗೆ ಕರ್ವಾಲೋ. ಕರ್ವಾಲೋ 1980ರದು. ಜೇನಿನಿಂದ ಶುರುವಾಗಿ ಹಾರುವ ಓತಿಯ ಹಿಂದೆ ಕಾಡಿಗೆ ನುಗ್ಗುತ್ತದೆ, ಮಂದಣ್ಣ ಒಬ್ಬನೇ ಸಾಕು ಪುಸ್ತಕ ಕೆಳಗಿಡದಂತೆ ಮಾಡಲು. ನಿಲ್ದಾಣ ದಾಟಿ ಹೋಗುವ ಸಂಭವ ಇದೆ, ನನ್ನ ತಂಗಿಗೆ ನಿಜವಾಗಿ ಹಾಗಾಗಿದೆ. ಘಾಚರ್ ಘೋಚರ್ ಬೆಂಗಳೂರಿನದೇ ಮನೆ, ಕಾಫಿ ಹೌಸು, ದುಡ್ಡು ಬಂದ ಮೇಲೆ ಬದಲಾಗುವ ಕುಟುಂಬ. ಅದನ್ನು ತುಂಡು ತುಂಡಾಗಿ ಓದದೆ ಒಂದೇ ಓಟದಲ್ಲಿ ಓದಿದರೆ ಕೊನೆಯ ಪುಟ ಎದೆಗೆ ಬಡಿಯುತ್ತದೆ. ಆದ್ದರಿಂದ ಅದನ್ನು ಊರಿಗೆ ಹೋಗುವ ಬಸ್ಸಿಗೋ ರೈಲಿಗೋ ಎತ್ತಿಡಿ.

ದುರ್ಗಾಸ್ತಮಾನದ ಗಾತ್ರ ನೋಡಿ ಹೆದರಬೇಡಿ. ಮದಕರಿ ನಾಯಕನ ಕೊನೆಯ ದಿನಗಳು, ಹೈದರಾಲಿಯ ಮುತ್ತಿಗೆ, 1779ರಲ್ಲಿ ದುರ್ಗ ಬೀಳುವುದು. ಕೋಟೆ ಬೀಳುತ್ತದೆ ಅಂತ ಗೊತ್ತಿದ್ದೂ ಬೀಳದಿರಲಿ ಅಂತ ಬೇಡಿಕೊಳ್ಳುತ್ತಾ ಓದಿಸುತ್ತಾರೆ ತ.ರಾ.ಸು. ಇದಕ್ಕೆ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ, ಅಷ್ಟು ಹೊತ್ತಿಗೆ ಅವರೇ ಇರಲಿಲ್ಲ, ಅದನ್ನು ನೆನೆದರೆ ನನಗೆ ಈಗಲೂ ಬೇಜಾರಾಗುತ್ತದೆ. ಪುಟ ಜಾಸ್ತಿ ಇದ್ದರೂ ಬೇಗ ಸರಿಯುತ್ತದೆ, ಚೀಲಕ್ಕೆ ಭಾರ ಅನ್ನುವುದೊಂದೇ ತೊಂದರೆ. ನಿಮ್ಮ ಊರಿನಿಂದ ಚಿತ್ರದುರ್ಗ ದೂರವೇನಲ್ಲ ಅಲ್ವಾ, ಓದಿದ ಮೇಲೆ ಒಮ್ಮೆ ಕೋಟೆ ಹತ್ತಿ ಬನ್ನಿ.

ಮರಳಿ ಮಣ್ಣಿಗೆ ನಿಧಾನ. ಕಡಲ ಬದಿಯ ಕೋಡಿ ಊರು, ಮೂರು ತಲೆಮಾರು. ಹೆಸರು ರಾಮ ಐತಾಳರದು, ಲಚ್ಚನದು, ಮೊಮ್ಮಗ ರಾಮನದು ಅಂತ ನಡೆಯುತ್ತದೆ, ಆದರೆ ಮನೆಯನ್ನು ಹೊತ್ತು ನಿಂತವರು ಸರಸೋತಿ, ಪಾರೋತಿ. ನಮ್ಮಮ್ಮ ಇದನ್ನು ಓದಿದ ಮೇಲೆ ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಕೇಳಿದರೆ, ನಮ್ಮತ್ತೆಯನ್ನು ಈಗ ನೋಡಬೇಕು ಅನಿಸುತ್ತಿದೆ ಅಂದರು. ಅಜ್ಜಿ ತೀರಿಕೊಂಡು ಆಗ ಆರು ವರ್ಷ ಆಗಿತ್ತು.

ಮದುಮಗಳು ಕೊನೆಗಿರಲಿ. ಕಷ್ಟ ಅಂತಲ್ಲ, ಅದಕ್ಕೆ ಜಾಗ ಬೇಕು. ಮೊದಲ ಸಲ ನಾನು ಅದನ್ನು ಬಸ್ಸಿನಲ್ಲಿ ದಿನಕ್ಕೆ ಹದಿನೈದು ಪುಟ ಅಂತ ಓದಿ ಎಂಬತ್ತಕ್ಕೆ ಬಿಟ್ಟೆ. ಸಿಂಬಾವಿ, ಬೆಟ್ಟಳ್ಳಿ, ಹಳೆಮನೆ, ಕೋಣೂರು, ಹೂವಳ್ಳಿ, ಯಾರು ಯಾವ ಮನೆಯವರು ಅನ್ನುವುದೇ ತಲೆಯಲ್ಲಿ ನಿಲ್ಲಲಿಲ್ಲ. ಎರಡನೇ ಸಲ ಮಳೆಗಾಲದಲ್ಲಿ ನಾಲ್ಕು ದಿನ ರಜೆ ಹಾಕಿದೆ. ಒಂದು ಹಾಳೆಯಲ್ಲಿ ಮನೆಗಳ ಹೆಸರು ಬರೆದು, ಜನ ಬಂದ ಹಾಗೆಲ್ಲ ಅವರ ಹೆಸರನ್ನು ಅವರವರ ಮನೆಯ ಕೆಳಗೆ ಸೇರಿಸುತ್ತಾ ಹೋದೆ. ಇಪ್ಪತ್ತು ಹೆಸರು ಆಗುವ ಹೊತ್ತಿಗೆ ಹಾಳೆ ನೋಡುವುದು ಬಿಟ್ಟೇಹೋಯಿತು, ನಾನು ಆ ಕಾಡಿನೊಳಗೇ ಇದ್ದೆ. ಗುತ್ತಿಯ ನಾಯಿ ಹುಲಿಯನ ಬಗ್ಗೆ ಏನೂ ಹೇಳುವುದಿಲ್ಲ, ನೀವೇ ಓದಿ. ಯಾರಾದರೂ ಮೊದಲೇ ಕಥೆ ಹೇಳಲು ಬಂದರೆ ಕಿವಿ ಮುಚ್ಚಿಕೊಳ್ಳಿ.

ಒಂದು ಕೈಕೆಲಸ. ದಪ್ಪ ಪುಸ್ತಕವನ್ನು ತಂದ ಕೂಡಲೇ ನಡುವಿಗೆ ಬಿಡಿಸಬೇಡಿ, ಅಂಟು ಬಿರಿದು ಹಾಳೆ ಉದುರುತ್ತದೆ. ಬೆನ್ನು ಮೇಜಿನ ಮೇಲೆ ಇಟ್ಟು ಮುಂದಿನಿಂದ ಹತ್ತಿಪ್ಪತ್ತು ಹಾಳೆ, ಹಿಂದಿನಿಂದ ಹತ್ತಿಪ್ಪತ್ತು ಹಾಳೆ, ಹೀಗೆ ಮೆಲ್ಲಗೆ ಒತ್ತುತ್ತಾ ನಡುವಿಗೆ ಬನ್ನಿ. ಐದು ನಿಮಿಷದ ಕೆಲಸ.

ಕುಸುಮಬಾಲೆಗೆ ಮಾತ್ರ ಜೊತೆ ಹುಡುಕಿಕೊಳ್ಳಿ. ನಿಮ್ಮ ಆಫೀಸಿನಲ್ಲಿ ಚಾಮರಾಜನಗರ ಕಡೆಯವರು ಯಾರಾದರೂ ಇದ್ದರೆ ಒಂದು ಸಂಜೆ ಟೀ ಕೊಡಿಸಿ ಮೊದಲ ಹತ್ತು ಪುಟ ಅವರ ಬಾಯಲ್ಲೇ ಓದಿಸಿ. ಆಮೇಲಿನದನ್ನು ನೀವೊಬ್ಬರೇ ಓದಬಹುದು, ಆ ದನಿ ಕಿವಿಯಲ್ಲಿ ಉಳಿದಿರುತ್ತದೆ. ಅವರು ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನನ್ನ ಗೆಳೆಯ ಈಗ ಬೇರೆ ಊರಿನಲ್ಲಿದ್ದಾನೆ, ಆ ರಾತ್ರಿ ನಾನು ಮಾಡಿಕೊಳ್ಳಲಿಲ್ಲ.