ಸ್ಪೈಕ್ ಮೇಲೂ ಸಕ್ಕರೆ, ನಮ್ಮ ಎಸಿಇ2 ಮೇಲೂ ಸಕ್ಕರೆ: ಯಾರಿಗೆ ಲಾಭ?

ಪ್ರಶ್ನೆ: ಮೇಡಂ, ನಾನು ಎಂ.ಎಸ್ಸಿ. ವಿದ್ಯಾರ್ಥಿ. ಕೊರೊನಾ ವೈರಸ್ಸಿನ ಸ್ಪೈಕ್ ಪ್ರೋಟೀನಿನ ಮೇಲೆ ಸಕ್ಕರೆ ಸರಪಳಿಗಳಿರುತ್ತವೆ, ಅದು ಹಿಡಿದುಕೊಳ್ಳುವ, ನಮ್ಮ ಕೋಶದ ಹೊರಮೈಯಲ್ಲಿರುವ ಎಸಿಇ2 ಗ್ರಾಹಕ ಪ್ರೋಟೀನಿನ ಮೇಲೂ ಇರುತ್ತವೆ ಎಂದು ಓದಿದೆ. ಈ ಸಕ್ಕರೆ ವೈರಸ್ಸಿಗೆ ಸಹಾಯ ಎಂದು ಒಬ್ಬರು ಬರೆದರೆ, ಅಡ್ಡಿ ಎಂದು ಇನ್ನೊಬ್ಬರು ಬರೆಯುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಸರಿ. ಯಾವ ಜಾಗದ ಸಕ್ಕರೆ ಎಂದು ಹೇಳದೆ ಸುಮ್ನೆ ಸಹಾಯ, ಅಡ್ಡಿ ಎಂದರೆ ಅರ್ಥವಿಲ್ಲ.

ವೈರಸ್ಸಿನ ಹತ್ತಿರ ಸಕ್ಕರೆ ಜೋಡಿಸುವ ಕಿಣ್ವಗಳಿಲ್ಲ. ನಮ್ಮ ಕೋಶದೊಳಗೆ ಸ್ಪೈಕ್ ತಯಾರಾಗುವಾಗ ನಮ್ಮದೇ ಕಿಣ್ವಗಳು ಆ ಕೆಲಸ ಮಾಡಿಕೊಡುತ್ತವೆ. ಮನೆಯವರ ಬಟ್ಟೆ ಹಾಕಿಕೊಂಡು ಮನೆಯೊಳಗೆ ಓಡಾಡುವ ಕಳ್ಳನ ಹಾಗೆ. ಪ್ರತಿಕಾಯಗಳಿಗೆ ಗುರುತು ಸಿಗುವುದು ಕಷ್ಟ, ಅಲ್ವಾ?

ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಸಾಲು. ಅದರಲ್ಲಿ ಆಸ್ಪರಜಿನ್, ಆಮೇಲೆ ಪ್ರೋಲಿನ್ ಬಿಟ್ಟು ಬೇರೆ ಯಾವುದಾದರೂ ಅಮೈನೋ ಆಮ್ಲ, ಆಮೇಲೆ ಸೆರಿನ್ ಅಥವಾ ಥ್ರಿಯೊನಿನ್. ಈ ಮೂರು ಒಟ್ಟಿಗೆ ಸಿಕ್ಕಿದರೆ ಆಸ್ಪರಜಿನ್‌ಗೆ ಸಕ್ಕರೆ ಕೂರಬಹುದು. 2019ರ ಕೊನೆಗೆ ಕಾಣಿಸಿಕೊಂಡ ವೈರಸ್ಸಿನ ಸ್ಪೈಕ್‌ನಲ್ಲಿ 1273 ಅಮೈನೋ ಆಮ್ಲಗಳಿವೆ, ಇಂಥ ಜಾಗಗಳು 22. ಇಂಥ ಮೂರು ಸ್ಪೈಕ್ ಪ್ರೋಟೀನುಗಳು ಸೇರಿ ಒಂದು ಗೊಂಚಲಾಗುವುದರಿಂದ ಒಟ್ಟು 66 ಜಾಗ.

ಎಲ್ಲವೂ ಮರೆಮಾಚುವುದಕ್ಕೇ ಇಲ್ಲ. ಸ್ಪೈಕ್ ಸಾಲಿನ 165 ಮತ್ತು 234ನೇ ಸ್ಥಾನದ ಸಕ್ಕರೆಗಳು, ಎಸಿಇ2 ಹಿಡಿಯುವ ಭಾಗ ಮೇಲೆದ್ದಾಗ ಅದು ಕೆಳಗೆ ಬೀಳದಂತೆ ಆಸರೆ ಕೊಡುತ್ತವೆ. 234ರ ಸಕ್ಕರೆ ಕೂರದಂತೆ ಮಾಡಿದಾಗ ಎಸಿಇ2ಗೆ ಅಂಟುವುದು ಕಡಿಮೆಯಾಯಿತು.

ಈಗ ನಮ್ಮ ಕಡೆಗೆ ಬನ್ನಿ. ಎಸಿಇ2ನ 90ನೇ ಸ್ಥಾನದಲ್ಲಿ ಆಸ್ಪರಜಿನ್, 91ರಲ್ಲಿ ಲ್ಯೂಸಿನ್, 92ರಲ್ಲಿ ಥ್ರಿಯೊನಿನ್. 90ರಲ್ಲಿ ಕೂತ ಸಕ್ಕರೆ ಸ್ಪೈಕ್ ಬಂದು ಕೂರುವ ಜಾಗದ ಪಕ್ಕದಲ್ಲೇ ಚಾಚಿಕೊಂಡು ತೊಡಕು ಮಾಡುತ್ತದೆ. 92ರ ಥ್ರಿಯೊನಿನ್ ಬದಲಾಯಿಸಿ ಐಸೊಲ್ಯೂಸಿನ್ ಹಾಕಿ ನೋಡಿ. 90ನೇ ಆಸ್ಪರಜಿನ್ ಹಾಗೇ ಇದ್ದರೂ ಸಕ್ಕರೆ ಕೂರುವುದಿಲ್ಲ, ಸ್ಪೈಕ್ ಜಾಸ್ತಿ ಗಟ್ಟಿಯಾಗಿ ಹಿಡಿಯುತ್ತದೆ. ನನಗೆ ಈ ಇಡೀ ವಿಷಯದಲ್ಲಿ ತುಂಬ ಇಷ್ಟವಾದ ಉದಾಹರಣೆ ಇದೇ. ಆದರೆ ಅದೇ ಎಸಿಇ2ನ 322ರ ಸಕ್ಕರೆ, ಕಂಪ್ಯೂಟರ್ ಸಿಮ್ಯುಲೇಷನ್‌ಗಳಲ್ಲಿ ಸ್ಪೈಕನ್ನು ತಾನೇ ಮುಟ್ಟುತ್ತಿರುವಂತೆ ಕಾಣುತ್ತದೆ.

ಪ್ರಶ್ನೆ (ಇನ್ನೊಬ್ಬರು): ಹಾಗಾದರೆ ಸಿಹಿ ತಿನ್ನುವುದು ಬಿಟ್ಟರೆ ಸ್ಪೈಕ್ ಬೋಳಾಗುತ್ತದಾ?

ಉತ್ತರ: ಇಲ್ಲ ಸರ್. ಇಲ್ಲಿ ಕೂರುವುದು 14 ಸಕ್ಕರೆಗಳ ಸಿದ್ಧ ಕೊಂಬೆ. ಕೋಶವೇ ಅದನ್ನು ಕಟ್ಟಿ, ಜೋಡಿಸಿ, ಆಮೇಲೆ ಕತ್ತರಿಸಿ ತಿದ್ದುತ್ತದೆ. ರಕ್ತದ ಗ್ಲೂಕೋಸ್ ಕಿಣ್ವವಿಲ್ಲದೆ ತಾನಾಗಿಯೇ ಪ್ರೋಟೀನಿಗೆ ಅಂಟಿಕೊಳ್ಳುವುದು ಬೇರೆ. ಎಚ್‌ಬಿಎ1ಸಿ ಎಂಬ ಮಧುಮೇಹದ ರಕ್ತಪರೀಕ್ಷೆ ಅಳೆಯುವುದು ಅದನ್ನು. ಮಧುಮೇಹ ಇದ್ದವರಿಗೆ ಕೋವಿಡ್ ಜಾಸ್ತಿ ಕಾಡಿದ್ದು ನಿಜ. ಹಾಗಂತ ಅದನ್ನು ತಂದು ಇದಕ್ಕೆ ಗಂಟು ಹಾಕಬೇಡಿ.

ಪ್ರಶ್ನೆ (ಮೊದಲಿನವರೇ): ಕ್ರಯೋ-ಇಎಂ (ಹೆಪ್ಪುಗಟ್ಟಿಸಿದ ಪ್ರೋಟೀನನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನ) ಚಿತ್ರಗಳಲ್ಲಿ ಸಕ್ಕರೆ ಒಂದೆರಡು ತುಂಡು ಮಾತ್ರ ಕಾಣುತ್ತದೆ. ಉಳಿದದ್ದು ಎಲ್ಲಿ?

ಉತ್ತರ: ಅಲ್ಲೇ ಇರುತ್ತದೆ, ಅಲ್ಲಾಡುತ್ತಿರುತ್ತದೆ. ಸಾವಿರಾರು ಕಣಗಳ ಚಿತ್ರ ಸೇರಿಸಿ ಸರಾಸರಿ ತೆಗೆದಾಗ ಬುಡ ಮಾತ್ರ ಉಳಿಯುತ್ತದೆ, ತುದಿ ಮಸುಕಾಗುತ್ತದೆ. ಅದಕ್ಕೇ ನಾವು ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಹಿಡಿಯುವುದು. ಪಿಎನ್‌ಜಿಯೇಸ್ ಎಫ್ ಎಂಬ ಕಿಣ್ವ ಸಕ್ಕರೆಯನ್ನು ಬುಡದಿಂದ ಕತ್ತರಿಸುವಾಗ ಆಸ್ಪರಜಿನ್ ಆಸ್ಪಾರ್ಟಿಕ್ ಆಮ್ಲವಾಗುತ್ತದೆ. ತೂಕ 0.98 ಡಾಲ್ಟನ್ (ಅಣುಗಳ ತೂಕದ ಅಳತೆ) ಹೆಚ್ಚುತ್ತದೆ. ಆ ಗುರುತು ಹಿಡಿದು ಎಲ್ಲಿ ಸಕ್ಕರೆ ಇತ್ತು ಎಂದು ಹೇಳುತ್ತೇವೆ. ಯಾವ ಜಾಗದಲ್ಲಿ ಯಾವ ಸಕ್ಕರೆ ಎಂದು ತಿಳಿಯಬೇಕಾದರೆ ಕತ್ತರಿಸದೆಯೇ ನೋಡಬೇಕು, ಅದು ತಲೆನೋವಿನ ಕೆಲಸ.

ಪ್ರಶ್ನೆ: ಇಷ್ಟೆಲ್ಲ ಮುಚ್ಚಿಕೊಂಡಿದ್ದರೆ ಲಸಿಕೆ ಕೆಲಸ ಮಾಡಿದ್ದು ಹೇಗೆ?

ಉತ್ತರ: ಎಚ್ಐವಿಗೆ ಹೋಲಿಸಿದರೆ ಈ ಹೊದಿಕೆ ತೆಳು. ಮೂಲ ವೈರಸ್ಸಿನಲ್ಲಿ ಎಸಿಇ2 ಹಿಡಿಯುವ ಭಾಗಕ್ಕೆ 331, 343 ಎಂಬ ಎರಡೇ ಆಸ್ಪರಜಿನ್ ಸಕ್ಕರೆಗಳು. ಎಸಿಇ2 ಮುಟ್ಟುವ ಮುಖ ಬರಿಯದಾಗಿಯೇ ಇರಬೇಕು, ಇಲ್ಲದಿದ್ದರೆ ವೈರಸ್ಸಿಗೇ ಬಾಗಿಲು ಸಿಗುವುದಿಲ್ಲ. ಸೊಟ್ರೊವಿಮ್ಯಾಬ್ ಎಂಬ ಕೋವಿಡ್ ಔಷಧಿಯ ಮೂಲ ಪ್ರತಿಕಾಯವಂತೂ 343ರ ಸಕ್ಕರೆಯನ್ನೂ ಸೇರಿಸಿಯೇ ಹಿಡಿಯುತ್ತದೆ. ಆಮೇಲೆ ಬಂದ ಬಿಎ.2.86 ತಳಿ 354ರಲ್ಲಿ ಹೊಸ ಸಕ್ಕರೆ ಜಾಗ ಮಾಡಿಕೊಂಡಿತು.

ಪ್ರಶ್ನೆ: ಪ್ರಾಜೆಕ್ಟಿಗೆ ಸ್ಪೈಕ್ ಪ್ರೋಟೀನ್ ತರಿಸಬೇಕು. ಏನು ನೋಡಲಿ?

ಉತ್ತರ: ಯಾವ ಕೋಶದಲ್ಲಿ ತಯಾರಿಸಿದ್ದು ಎಂದು ಮೊದಲು ನೋಡಿ. ಇ. ಕೊಲೈ ಬ್ಯಾಕ್ಟೀರಿಯಾದಲ್ಲಿ ಮಾಡಿದ್ದರೆ ಈ ಸಕ್ಕರೆ ಇರುವುದೇ ಇಲ್ಲ. ಯೀಸ್ಟ್ ಮ್ಯಾನೋಸ್ ಎಂಬ ಸಕ್ಕರೆಯನ್ನು ತುಂಬುತ್ತದೆ, ಕೀಟದ ಕೋಶ ಮೊಟಕು ಸಕ್ಕರೆ ಹಾಕುತ್ತದೆ. ಸಕ್ಕರೆಯ ಪಾತ್ರವನ್ನೇ ಅಳೆಯುವುದಾದರೆ ಎಚ್‌ಇಕೆ293ರಂಥ ಮಾನವ ಕೋಶದಲ್ಲಿ ಮಾಡಿದ್ದನ್ನೇ ತರಿಸಿ. ಎಸಿಇ2 ಕೂಡ ಅಲ್ಲಿಂದಲೇ ಇರಲಿ.