ಒಂದೇ ಸ್ಪೋರ್‌ನಿಂದ ಬೆಳೆದ ಈಸ್ಟ್ ಕಾಲನಿ ಡಿಪ್ಲಾಯ್ಡ್ ಆಗಿದ್ದು ಹೇಗೆ?

ಸೂಜಿಮೊನೆ:
ಎಂಎಸ್ಸಿ ಪ್ರಾಜೆಕ್ಟ್‌ಗೆ ವೈನ್‌ನಿಂದ ತೆಗೆದ ಒಂದು ಸೆರೆವಿಸಿಯೆ ಈಸ್ಟ್ ತಳಿ ಕೊಟ್ಟಿದ್ದಾರೆ. ಚೀಲದ ನಾಲ್ಕು ಸ್ಪೋರ್‌ಗಳನ್ನು ಮೈಕ್ರೋಸ್ಕೋಪ್ ಕೆಳಗೆ ಸೂಜಿಯಲ್ಲಿ ಬಿಡಿಸಿ ದೂರ ದೂರ ಇಟ್ಟೆ, ಕತ್ತು ಹಿಡಿದುಕೊಂಡಿತು ಬಿಡಿ. ನಾಲ್ಕೂ ಬೆಳೆದವು. ಒಂದೇ ಸ್ಪೋರ್‌ನಿಂದ ಬಂದಿದ್ದು ಅಂದಮೇಲೆ ಇಡೀ ಕಾಲನಿ ಹ್ಯಾಪ್ಲಾಯ್ಡ್ (ಒಂದೇ ಸೆಟ್ ಕ್ರೋಮೋಸೋಮ್) ಇರಬೇಕು, ಕೂಡುವ ಬಗೆ ಎ ಅಥವಾ ಆಲ್ಫಾ ಯಾವುದೋ ಒಂದು, ಅಲ್ವಾ? ಎರಡೂ ಬಗೆಯ ಟೆಸ್ಟರ್ (ಬಗೆ ಗೊತ್ತಿರುವ ತಳಿ) ಜೊತೆ ಬೆರೆಸಿದೆ, ಒಂದೂ ಕೂಡಲಿಲ್ಲ. ಸುಮ್ನೆ ಪೊಟ್ಯಾಸಿಯಂ ಅಸಿಟೇಟ್ ಪ್ಲೇಟ್ ಮೇಲೆ ಹಾಕಿಟ್ಟು ಐದು ದಿನ ಬಿಟ್ಟು ನೋಡಿದರೆ ಮತ್ತೆ ನಾಲ್ಕು ನಾಲ್ಕು ಸ್ಪೋರ್‌ನ ಚೀಲಗಳು, ಅಂದರೆ ಇದು ಡಿಪ್ಲಾಯ್ಡ್ (ಎರಡು ಸೆಟ್)! ಗೈಡ್ "ಬೇರೆ ಈಸ್ಟ್ ಸೇರಿಕೊಂಡಿದೆ" ಅಂತಾರೆ. ನಾಲ್ಕರಲ್ಲೂ ಸೇರುತ್ತಾ?

ಹುದುಗು:
ಏನೂ ಸೇರಿಲ್ಲ. ನಿಮ್ಮ ತಳಿಯಲ್ಲಿ ಕೂಡುವ ಬಗೆ ಬದಲಿಸುವ ಎಚ್‌ಒ ಜೀನ್ ಜೀವಂತ ಇದೆ, ಅಷ್ಟೇ. ಸ್ಪೋರ್ ಮೊಳೆತು ಒಂದು ಮಗಳು ಕೋಶ ಹುಟ್ಟಿಸುತ್ತದೆ. ಆಮೇಲೆ ತಾಯಿ ಕೋಶ ತನ್ನ ಬಗೆ ಬದಲಿಸಿಕೊಳ್ಳುತ್ತದೆ, ಮಗಳು ಬದಲಿಸುವುದಿಲ್ಲ. ಆಶ್1 ಅನ್ನೋ ಪ್ರೋಟೀನ್ ಮಗಳ ಕಡೆಗೇ ಸೇರಿ ಅಲ್ಲಿ ಎಚ್‌ಒ ಏಳದ ಹಾಗೆ ತಡೆಯುತ್ತದೆ. ಹಾಗಾಗಿ ನಾಲ್ಕು ಕೋಶ ಆಗುವಷ್ಟರಲ್ಲಿ ಸಾಮಾನ್ಯವಾಗಿ ಎರಡು ಎ, ಎರಡು ಆಲ್ಫಾ. ಪಕ್ಕದಲ್ಲೇ ಜೋಡಿ ಸಿಕ್ಕಮೇಲೆ ಇನ್ನೇನು, ಕೂಡಿ ಡಿಪ್ಲಾಯ್ಡ್ ಆಗಿಬಿಡುತ್ತವೆ.

ಸೂಜಿಮೊನೆ:
ಒಂಟಿ ಎ ಸ್ಪೋರ್‌ಗೆ ಆಲ್ಫಾ ಜೀನ್ ಎಲ್ಲಿಂದ ಬಂತು ಮತ್ತೆ?

ಹಳೇ_ಟೇಪು:
ಅದರ ಹತ್ತಿರ ಮೊದಲಿಂದಲೂ ಇತ್ತು. ಮೂರನೇ ಕ್ರೋಮೋಸೋಮ್‌ನಲ್ಲಿ ಮೂರು ಜಾಗ. ನಡುವಿನದು ಮ್ಯಾಟ್, ಅಲ್ಲಿರುವುದು ಮಾತ್ರ ಕೆಲಸ ಮಾಡುತ್ತದೆ. ಎಡತುದಿಯ ಎಚ್‌ಎಂಎಲ್‌ನಲ್ಲಿ ಸಾಮಾನ್ಯವಾಗಿ ಆಲ್ಫಾ ಪ್ರತಿ, ಬಲತುದಿಯ ಎಚ್‌ಎಂಆರ್‌ನಲ್ಲಿ ಎ ಪ್ರತಿ. ಇವೆರಡನ್ನೂ ಸಿರ್ ಪ್ರೋಟೀನ್‌ಗಳು ಬಾಯಿ ಮುಚ್ಚಿಸಿ ಇಟ್ಟಿರುತ್ತವೆ. ಟೇಪ್ ರೆಕಾರ್ಡರ್ ಒಂದು, ಡ್ರಾಯರ್‌ನಲ್ಲಿ ಕ್ಯಾಸೆಟ್ ಎರಡು ಅಂದುಕೊಳ್ಳಿ. (ಹೋಲಿಕೆ ನನ್ನದಲ್ಲ, 1977ರಲ್ಲಿ ಹಿಕ್ಸ್, ಸ್ಟ್ರಾಥರ್ನ್, ಹರ್ಸ್ಕೋವಿಟ್ಜ್ ಇದಕ್ಕೆ ಕ್ಯಾಸೆಟ್ ಅಂತಲೇ ಹೆಸರಿಟ್ಟರು.) ಎಚ್‌ಒ ಕಿಣ್ವ ಮ್ಯಾಟ್‌ನಲ್ಲಿ ಡಿಎನ್‌ಎಯ ಎರಡೂ ಎಳೆ ಕತ್ತರಿಸುತ್ತದೆ. ಕೋಶ ಆ ಗಾಯ ಸರಿಮಾಡಲು ತುದಿಯ ಪ್ರತಿಯನ್ನು ನೋಡಿ ನಕಲು ಹೊಡೆಯುತ್ತದೆ. ಎ ಕೋಶ ಹೆಚ್ಚಾಗಿ ಎಡಗಡೆಯಿಂದ, ಆಲ್ಫಾ ಬಲಗಡೆಯಿಂದ. ಡ್ರಾಯರ್‌ನ ಪ್ರತಿ ಖರ್ಚಾಗುವುದಿಲ್ಲ, ಅದೇ ಮಜಾ.

ಹುದುಗು:
ಟೆಸ್ಟರ್ ಜೊತೆ ಕೂಡದೆ ಇದ್ದಿದ್ದೂ ಇದಕ್ಕೇ. ಎ1, ಆಲ್ಫಾ2 ಪ್ರೋಟೀನ್‌ಗಳು ಒಂದೇ ಕೋಶದಲ್ಲಿ ಸೇರಿದರೆ ಕೂಡುವ ಜೀನ್‌ಗಳೂ ಬಂದ್, ಎಚ್‌ಒ ಕೂಡ ಬಂದ್. ಹ್ಯಾಪ್ಲಾಯ್ಡ್ ಹಾಗೇ ಉಳಿಯಬೇಕಾದರೆ ಎಚ್‌ಒ ಕಿತ್ತುಹಾಕಿ. ಲ್ಯಾಬ್ ತಳಿಗಳಲ್ಲಿ ಅದು ಕೆಟ್ಟಿರುವುದರಿಂದಲೇ ನಮ್ಮ ಬದುಕು ಸಲೀಸು.

ಸೂಜಿಮೊನೆ:
ನಿನ್ನೆ ಒಂದು ಸ್ಪೋರ್ ಮುಂದೆ ಕೂತೇ ಕಾದೆ. ನಾಲ್ಕು ಕೋಶ ಆದವು. ಸ್ವಲ್ಪ ಹೊತ್ತಿಗೆ ಎರಡು ಕೋಶ ಮೂತಿ ಚಾಚಿ ಅಂಟಿಕೊಂಡು ಡಂಬೆಲ್ ಥರ ಆದವು, ಆಮೇಲೆ ಸರಿಯಾಗಿ ಸೊಂಟದಲ್ಲಿ ಒಂದು ಮೊಗ್ಗು. ಫೋಟೋ ಗೈಡ್‌ಗೆ ಕಳಿಸಿದ್ದೇನೆ, ನೀಲಿ ಟಿಕ್ ಬಂದಿದೆ, ಉತ್ತರ ಇನ್ನೂ ಇಲ್ಲ.